ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಬೀದಿಗೆ ಬಿಡುವುದು ಹೇಗೆ?

ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಪ್ರತಿ ವರ್ಷ ಸುತ್ತುತ್ತಲೇ ಇರುತ್ತದೆ. ನಾವು ಬೋರ್‌ವೆಲ್ ನೀರು ಕುಡಿದೆವು, ಮಣ್ಣಲ್ಲಿ ಹೊರಳಾಡಿದೆವು, ಮೊಬೈಲ್ ಇರಲಿಲ್ಲ, ಹೆಲ್ಮೆಟ್ ಇರಲಿಲ್ಲ, ಆದರೂ ಗಟ್ಟಿಯಾಗಿದ್ದೇವೆ ಅಂತ. ಅದನ್ನು ಓದಿ, ಒಂದು ಹಾರ್ಟ್ ಒತ್ತಿ, ಪಕ್ಕದಲ್ಲಿ ಟ್ಯಾಬ್ ಹಿಡಿದು ಕೂತ ಮಗನಿಗೆ "ಕಣ್ಣು ಹಾಳಾಗುತ್ತೆ ಕಣೋ, ಎದ್ದು ಹೋಗಿ ಆಡ್ಕೋ" ಅಂತ ಗದರಿ, ಮತ್ತೆ ನಮ್ಮ ಫೋನಿಗೆ ವಾಪಸ್. ಆ ಹುಡುಗ ಎದ್ದು ಹೋಗುವುದಾದರೂ ಎಲ್ಲಿಗೆ? ಯಾರ ಜೊತೆ ಆಡಬೇಕು?

80ರ, 90ರ ದಶಕದಲ್ಲಿ ಬೆಳೆದವರು ಸುಮ್ನೆ ನಿಟ್ಟುಸಿರು ಬಿಡುವುದಕ್ಕಿಂತ, ಆ ಕಾಲದಲ್ಲಿ ಯಾವುದನ್ನು ಈಗ ವಾಪಸ್ ತರಬಹುದು, ಯಾವುದನ್ನು ತರಲೇಬಾರದು ಅಂತ ನೋಡುವುದು ಒಳ್ಳೆಯದು. ಈ ಬರಹ ಅದಕ್ಕೆ. ಏಪ್ರಿಲ್ 10ಕ್ಕೆ ಪಾಸು ಫೇಲು ಗೊತ್ತಾಗಿ, ಅಲ್ಲಿಂದ ಜೂನ್ ತನಕ ಚಪ್ಪಲಿಯನ್ನೇ ಹಾಕದೆ ಕಳೆದ ರಜೆ ಪೂರ್ತಿ ಸಿಗುವುದಿಲ್ಲ. ಅದರಲ್ಲಿ ಅರ್ಧ ಸಿಕ್ಕರೂ ಜಾಸ್ತಿಯೇ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ. ಮೊಬೈಲ್ ಇರಲಿಲ್ಲ ಅಂತ ನಾವು ಹೊರಗೆ ಆಡಿದ್ದಲ್ಲ. ಬೀದಿ ತುಂಬ ಮಕ್ಕಳಿದ್ದರು, ಮಾಡಲು ಬೇರೆ ಕೆಲಸ ಇರಲಿಲ್ಲ, ಅದಕ್ಕೇ ಆಡಿದೆವು. ಮತ್ತೆ "ನಮ್ಮನ್ನು ಯಾರೂ ಕಾಯುತ್ತಿರಲಿಲ್ಲ" ಅಂತ ಹೇಳಿಕೊಳ್ಳುತ್ತೇವಲ್ಲ, ಅದು ಅರ್ಧ ಸುಳ್ಳು. ಜಗಲಿ ಮೇಲೆ ಅಕ್ಕಿ ಆರಿಸುತ್ತಾ ಕೂತ ಅಜ್ಜಿ, ಅಂಗಡಿ ಶೆಟ್ಟರು, ನಲ್ಲಿ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತ ಹೆಂಗಸರು, ಎಲ್ಲರೂ ನೋಡುತ್ತಿದ್ದರು. ಕೆರೆ ಕಡೆ ಹೋದರೆ ನಾವು ಮನೆಗೆ ಬರುವ ಮೊದಲೇ ಸುದ್ದಿ ಬಂದಿರುತ್ತಿತ್ತು. ನೋಡುತ್ತಿದ್ದರು, ಆದರೆ ಆಟದಲ್ಲಿ ಬಾಯಿ ಹಾಕುತ್ತಿರಲಿಲ್ಲ. ಈಗ ಮಾಡಬೇಕಾದ್ದೂ ಅದೇ: ಮಕ್ಕಳನ್ನು ಸೇರಿಸಿ, ಹೊತ್ತು ಖಾಲಿ ಬಿಡಿ, ದೂರದಿಂದ ಕಣ್ಣಿಡಿ.

ಮಕ್ಕಳನ್ನು ಸೇರಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಇಬ್ಬರು ಮಕ್ಕಳು ಹತ್ತು ನಿಮಿಷ ಆಡಿ ಜಗಳವಾಡಿ ಒಳಗೆ ಬರುತ್ತಾರೆ. ಆರು ಮಂದಿ ಇದ್ದರೆ ಸಂಜೆಯೆಲ್ಲ ಆಡುತ್ತಾರೆ. ಹಾಗಾಗಿ ರಜೆ ಶುರುವಾಗುವ ಮೊದಲೇ ನಿಮ್ಮ ಬೀದಿಯದೋ ಅಪಾರ್ಟ್‌ಮೆಂಟಿನದೋ ಮೂರು ನಾಲ್ಕು ಮನೆಯವರ ಹತ್ತಿರ ಮಾತಾಡಿ. ಮೆಸೇಜ್ ಹಾಕಬೇಡಿ, ಬಾಗಿಲು ತಟ್ಟಿ ಹೋಗಿ. "ದಿನಾ ಸಂಜೆ ನಾಲ್ಕೂವರೆಗೆ ನಮ್ಮ ಹುಡುಗರು ಕೆಳಗೆ ಇರ್ತಾರೆ, ನಿಮ್ಮವರನ್ನೂ ಕಳಿಸಿ" ಅಂದರೆ ಸಾಕು. ದಿನಾ ಅದೇ ಹೊತ್ತಾಗಿರಲಿ. ವಯಸ್ಸು ಬೇರೆ ಬೇರೆ ಇದ್ದರೆ ಇನ್ನೂ ಒಳ್ಳೆಯದು, ದೊಡ್ಡವರು ಚಿಕ್ಕವರಿಗೆ ಆಟ ಕಲಿಸುತ್ತಾರೆ. ತೀರಾ ಚಿಕ್ಕ ಮಗು ಬಂದರೆ ಏನು ಮಾಡುವುದು ಅಂತ ಚಿಂತೆ ಬೇಡ, ಅದಕ್ಕೆ ನಮ್ಮಲ್ಲಿ ಹಳೇ ನಿಯಮವೇ ಇದೆಯಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ.

ಸಮ್ಮರ್ ಕ್ಯಾಂಪ್ ಬಗ್ಗೆ ಒಂದು ಮಾತು. ಬೆಳಗ್ಗೆ ಅಬಾಕಸ್, ಆಮೇಲೆ ಸ್ಕೇಟಿಂಗ್, ಸಂಜೆ ಕೀಬೋರ್ಡ್ ಅಂತ ತುಂಬಿಸಿದರೆ ಅದು ಯೂನಿಫಾರ್ಮ್ ಇಲ್ಲದ ಶಾಲೆ ಅಷ್ಟೇ. ಒಂದು ಇರಲಿ, ಮಿಕ್ಕ ಹೊತ್ತು ಖಾಲಿ ಬಿಡಿ. ಮೊದಲ ವಾರ "ಬೋರ್ ಆಗ್ತಿದೆ" ಅಂತ ತಲೆ ತಿನ್ನುತ್ತಾರೆ. ತಿನ್ನಲಿ. "ಏನಾದ್ರೂ ಮಾಡ್ಕೋ ಹೋಗು" ಅಂತ ನಮ್ಮಮ್ಮಂದಿರು ಹೇಳುತ್ತಿದ್ದದ್ದನ್ನೇ ಹೇಳಿ ಒಳಗೆ ಹೋಗಿ.

ಜಾಗದ ವಿಷಯಕ್ಕೆ ಬಂದರೆ, ಬೆಂಗಳೂರೊಂದರಲ್ಲೇ ನೋಂದಣಿಯಾದ ವಾಹನಗಳು 1 ಕೋಟಿ ದಾಟಿವೆ. ಮುಖ್ಯ ರಸ್ತೆಯಲ್ಲಿ ಆಡಿಸುವ ಮಾತೇ ಇಲ್ಲ. ಅಡ್ಡರಸ್ತೆಯ ಕೊನೆ, ಗಾಡಿ ತಿರುಗಿಸಲು ಜಾಗ ಇಲ್ಲದ ಕುರುಡು ಬೀದಿ, ದೇವಸ್ಥಾನದ ಅಂಗಳ, ಸರ್ಕಾರಿ ಶಾಲೆಯ ಮೈದಾನ (ಹೆಡ್‌ಮಾಸ್ಟರ್ ಹತ್ತಿರ ಒಂದು ಮಾತು ಕೇಳಿದರೆ ಬಹಳ ಕಡೆ ಬೇಡ ಅನ್ನುವುದಿಲ್ಲ), ಇವನ್ನು ಹುಡುಕಿ. ಕಬ್ಬನ್ ಪಾರ್ಕಿನ ಒಳಗಿನ ರಸ್ತೆಗಳಲ್ಲಿ ಭಾನುವಾರ ವಾಹನ ಬಿಡುವುದಿಲ್ಲ, ಸೈಕಲ್ ಕಲಿಸಲು ಅದು ಒಳ್ಳೇ ಜಾಗ. ಅಪಾರ್ಟ್‌ಮೆಂಟಿನಲ್ಲಿ "ಇಲ್ಲಿ ಚೆಂಡಾಟ ನಿಷೇಧಿಸಲಾಗಿದೆ" ಅನ್ನುವ ಬೋರ್ಡ್ ಇರುತ್ತದೆ. ಅಸೋಸಿಯೇಷನ್ ಸೆಕ್ರೆಟರಿ ಜೊತೆ ಜಗಳಕ್ಕೆ ಹೋಗಬೇಡಿ. "ಸಾರ್, ಸಂಜೆ ನಾಲ್ಕೂವರೆಯಿಂದ ಆರೂವರೆ, ಮೆತ್ತನೆ ಚೆಂಡು, ಗಾಜು ಒಡೆದರೆ ನಾವೇ ಹಾಕಿಸಿಕೊಡ್ತೀವಿ" ಅಂದು ನೋಡಿ. ಗಾಜಿನ ಮಾತು ನೀವೇ ಎತ್ತಿದರೆ ಅವರಿಗೆ ಬೇಡ ಅನ್ನಲು ಕಾರಣ ಕಡಿಮೆ. ಹಾಗೇ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂರುವ ಅಜ್ಜ ಅಜ್ಜಿಯರಿಗೆ "ಸ್ವಲ್ಪ ಒಂದು ಕಣ್ಣಿಟ್ಟಿರಿ" ಅಂತ ಹೇಳಿಬಿಡಿ. ಖುಷಿಯಿಂದ ಒಪ್ಪುತ್ತಾರೆ. ಜಗಲಿ ಹೋಯಿತು, ಬೆಂಚು ಬಂತು, ಅಜ್ಜಿ ಅದೇ ಅಜ್ಜಿ.

ಈಗ ಆಟ. ನಾವು ಆಡಿದ ಆಟ ಈಗಿನ ಮಕ್ಕಳಿಗೆ ತಾನಾಗಿ ಬರುವುದಿಲ್ಲ, ಯಾಕೆಂದರೆ ಅದನ್ನು ಕಲಿಸಬೇಕಾದ ದೊಡ್ಡ ಹುಡುಗರಿಗೇ ಅದು ಗೊತ್ತಿಲ್ಲ. ಮೊದಲ ಒಂದೆರಡು ದಿನ ನೀವೇ ಇಳಿದು ಆಡಬೇಕು. ಮೊಣಕಾಲು ನೋವು ಅಂತ ನೆಪ ಹೇಳಬೇಡಿ.

ಲಗೋರಿಯಿಂದ ಶುರು ಮಾಡಿ, ಖರ್ಚಿಲ್ಲ, ಬೇಗ ಅರ್ಥವಾಗುತ್ತದೆ. ಮನೆ ಕಟ್ಟುವ ಕಡೆ ಬಿದ್ದಿರುವ ಟೈಲ್ಸ್ ಅಥವಾ ಕಡಪಾ ಕಲ್ಲಿನ ಚೂರು ಏಳು ತನ್ನಿ, ಚೂಪಾದ ಅಂಚನ್ನು ನೆಲಕ್ಕೆ ಉಜ್ಜಿ ಮೊಂಡು ಮಾಡಿ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಜೋಡಿಸಿ. ಎರಡು ಗುಂಪು. ಒಂದು ಗುಂಪಿನವರು ಗೆರೆಯ ಹಿಂದೆ ನಿಂತು ಚೆಂಡೆಸೆದು ಬೀಳಿಸಬೇಕು, ಒಬ್ಬರಿಗೆ ಮೂರು ಸಲ. ಬಿದ್ದ ಮೇಲೆ ಅವರೇ ಓಡಾಡಿ ಮತ್ತೆ ಜೋಡಿಸಬೇಕು, ಅಷ್ಟರಲ್ಲಿ ಎದುರಿನವರು ಚೆಂಡಿನಿಂದ ಹೊಡೆದು ಔಟ್ ಮಾಡಬೇಕು. ಏಳನೇ ಕಲ್ಲಿಟ್ಟು "ಲಗೋರಿ!" ಅಂತ ಕೂಗಿದರೆ ಗೆದ್ದ ಹಾಗೆ. ನಾವು ರಬ್ಬರ್ ಚೆಂಡಿನಲ್ಲಿ ಬೆನ್ನಿಗೆ ಹೊಡೆಸಿಕೊಂಡು ಕೆಂಪು ಗುರುತು ತೋರಿಸಿ ಮೆರೆಯುತ್ತಿದ್ದೆವು, ಈಗ ಟೆನಿಸ್ ಬಾಲ್ ಅಥವಾ ಹಳೇ ಬಟ್ಟೆ ಸುತ್ತಿ ದಾರ ಬಿಗಿದ ಚೆಂಡು ಸಾಕು. ತಲೆಗೆ ಹೊಡೆದರೆ ಹೊಡೆದವನೇ ಔಟ್ ಅಂತ ಒಂದು ನಿಯಮ ಸೇರಿಸಿ.

ಮರಕೋತಿ ನನ್ನ ಮೆಚ್ಚಿನ ಆಟ. ತಗ್ಗಿನಲ್ಲಿ ಕೊಂಬೆ ಇರುವ ಮರ ಬೇಕು. ಬುಡದಲ್ಲಿ ಒಂದು ವೃತ್ತ ಬರೆಯಿರಿ. ಒಬ್ಬನು ಒಂದು ಕಾಲೆತ್ತಿ, ಅದರ ಕೆಳಗಿಂದ ಕೋಲನ್ನು ಎಷ್ಟಾಗುತ್ತೋ ಅಷ್ಟು ದೂರ ಎಸೆಯುತ್ತಾನೆ. ಕಳ್ಳನಾದವನು ಓಡಿ ಕೋಲು ತಂದು ವೃತ್ತದಲ್ಲಿ ಇಡುವಷ್ಟರಲ್ಲಿ ಮಿಕ್ಕವರೆಲ್ಲ ಮರದ ಮೇಲೆ. ಆಮೇಲೆ ಅವನು ಯಾರನ್ನಾದರೂ ಮುಟ್ಟಬೇಕು, ಮೇಲಿದ್ದವರು ಅವನ ಕೈಗೆ ಸಿಗದೆ ಇಳಿದು ಬಂದು ಕೋಲು ಮುಟ್ಟಬೇಕು. ಮರ ನೋಡಿ ಆರಿಸಿ. ಸೀಬೆ, ಹುಣಸೆ ಕೊಂಬೆ ಬಾಗಿದರೂ ತಡೆಯುತ್ತವೆ. ನುಗ್ಗೆ, ನೇರಳೆ ಬೇಡವೇ ಬೇಡ, ಪಟ್ಟನೆ ಮುರಿಯುತ್ತವೆ. ಮೇಲೆ ಕರೆಂಟ್ ತಂತಿ ಹೋಗಿದ್ದರೆ ಆ ಮರದ ಕಡೆ ನೋಡಲೂಬೇಡಿ. ದೊಡ್ಡವರು ಕೈಯೆತ್ತಿದರೆ ಸಿಗುವ ಕೊಂಬೆಯೇ ಗಡಿ, ಅದಕ್ಕಿಂತ ಮೇಲೆ ಹತ್ತುವಂತಿಲ್ಲ. ಬಿದ್ದರೆ ಮೊಣಕೈ ತರಚಬಹುದು, ಅಷ್ಟು ಆಗಲಿ ಬಿಡಿ.

ಬುಗುರಿ ಕೊಳ್ಳುವಾಗ ಒಂದು ಎಚ್ಚರ. ಚನ್ನಪಟ್ಟಣದ ಬಣ್ಣಬಣ್ಣದ ಪುಟ್ಟ ಬುಗುರಿ ಚೆಂದ, ಆದರೆ ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚಿನವು ಬೆರಳಲ್ಲಿ ತಿರುಗಿಸುವಂಥವು. ಬೀದಿ ಆಟಕ್ಕೆ ತುದಿಯಲ್ಲಿ ಮೊಳೆ ಇರುವ, ಚಾಟಿ ಸುತ್ತಿ ಹೊಡೆಯುವ ಬುಗುರಿಯೇ ಬೇಕು. ಜಾತ್ರೆಯಲ್ಲಿ ಹುಡುಕಿ. ಚಾಟಿಯನ್ನು ಮೊಳೆಯ ಕಡೆಯಿಂದ ಮೇಲಕ್ಕೆ ಬಿಗಿಯಾಗಿ, ಒಂದರ ಪಕ್ಕ ಒಂದು ಬರುವಂತೆ ಸುತ್ತಿ, ಇನ್ನೊಂದು ತುದಿಯ ಗಂಟನ್ನು ಬೆರಳ ಸಂದಿಯಲ್ಲಿ ಹಿಡಿದು, ಎಸೆದ ಕೂಡಲೇ ಕೈ ಹಿಂದಕ್ಕೆ ಎಳೆಯಬೇಕು. ಮೊದಲ ದಿನ ಯಾರಿಗೂ ಬರುವುದಿಲ್ಲ. ಸೋತವನ ಬುಗುರಿಗೆ ಗುನ್ನ ಹೊಡೆಯುವ (ಗೆದ್ದ ಬುಗುರಿಯ ಮೊಳೆಯಿಂದ ಕುಕ್ಕಿ ಗುಳಿ ಮಾಡುವ) ಶಿಕ್ಷೆ ಇರಲಿ, ಅದಿಲ್ಲದೆ ಬುಗುರಿಗೆ ರುಚಿಯೇ ಇಲ್ಲ.

ಚಿನ್ನಿದಾಂಡು, ಉತ್ತರ ಕರ್ನಾಟಕದ ಕಡೆ ಚಿಣಿಫಣಿ, ಇದನ್ನು ನಾನು ಅರ್ಧ ಮನಸ್ಸಿನಿಂದಲೇ ಸೇರಿಸುತ್ತಿದ್ದೇನೆ. ಭಾರೀ ಮಜಾ, ಆದರೆ ಹಾರಿ ಬರುವ ಚಿನ್ನಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ದೊಡ್ಡ ಮೈದಾನ ಇದ್ದರೆ ಮಾತ್ರ, ಹತ್ತು ದಾಟಿದವರಿಗೆ ಮಾತ್ರ, ಚಿಕ್ಕವರು ಹೊಡೆಯುವವನ ಹಿಂದೆ ದೂರದಲ್ಲಿ.

ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಹೊರಗೆ ಬಿಸಿಲು, ಒಳಗೆ ಚೌಕಾಬಾರ. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಸೀಮೆಸುಣ್ಣದಲ್ಲಿ ನೆಲದ ಮೇಲೇ ಬರೆಯಿರಿ. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿ, ಅವು ಕಟ್ಟೆ, ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜವನ್ನು ಒರಟು ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡಿ. ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ, ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು, ಅದೇ ಬಾರ. ಚೌಕ, ಬಾರ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಊರಿಗೊಂದು ನಿಯಮ ಇದೆ, ನಿಮ್ಮ ಅಮ್ಮನಿಗೆ ಫೋನ್ ಮಾಡಿ ಕೇಳಿ, ಅರ್ಧ ಗಂಟೆ ಮಾತಾಡುತ್ತಾರೆ. ಕಾಯಿಗೆ ಒಡೆದ ಬಳೆಚೂರು, ಗುಂಡಿ, ಶೇಂಗಾ ಸಿಪ್ಪೆ, ಏನಾದರೂ ನಡೆಯುತ್ತದೆ. ಜೊತೆಗೆ ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಸ್ವಲ್ಪ ಖಾರ ಹಾಕಿ ಕುಟ್ಟಿ, ಕಡ್ಡಿಗೆ ಸಿಕ್ಕಿಸಿದ ಚಿಗಳಿ ಕೊಟ್ಟರೆ ಟ್ಯಾಬ್ ಎಲ್ಲಿದೆ ಅಂತ ಕೇಳುವವರು ಇರುವುದಿಲ್ಲ.

ಆಟ ಶುರುವಾದ ಮೇಲೆ ನೀವು ಸುಮ್ಮನಿರಬೇಕು. ಇದೇ ನಮಗೆ ಬರದ ವಿದ್ಯೆ. ಮೋಸ ಆಯಿತು ಅಂತ ಒಬ್ಬ ಕಿರುಚುತ್ತಾನೆ, ಇನ್ನೊಬ್ಬ ಟೂ ಬಿಟ್ಟು ಮನೆಗೆ ಬರುತ್ತಾನೆ. ಪಂಚಾಯ್ತಿಗೆ ಹೋಗಬೇಡಿ. ಒಬ್ಬನಿಲ್ಲದೆ ಗುಂಪು ಸರಿಯಾಗುವುದಿಲ್ಲ, ಹತ್ತು ನಿಮಿಷದಲ್ಲಿ ಅವರೇ ಕರೆಯಲು ಬರುತ್ತಾರೆ. ರಕ್ತ ಬಂದರೆ, ಇಲ್ಲವೇ ದೊಡ್ಡವನು ಚಿಕ್ಕವನನ್ನು ದಿನಾ ಗೋಳು ಹೊಯ್ದುಕೊಂಡರೆ ಮಾತ್ರ ಏಳಿ. ಮತ್ತೆ ದಯವಿಟ್ಟು ವಿಡಿಯೋ ಮಾಡಬೇಡಿ. ಕ್ಯಾಮೆರಾ ಕಂಡ ಕೂಡಲೇ ಮಕ್ಕಳು ಆಟ ಬಿಟ್ಟು ನಟನೆ ಶುರು ಮಾಡುತ್ತಾರೆ.

ಇನ್ನು ವಾಪಸ್ ತರಬಾರದ್ದು. ಸ್ಕೂಟರಿನ ಮುಂದೆ ನಿಂತು ಗಾಳಿಗೆ ಮುಖವೊಡ್ಡಿ ಹೋದ ಖುಷಿ ನನಗೂ ನೆನಪಿದೆ, ಆದರೆ ಬದುಕಿದವರು ಮಾತ್ರ ಅದನ್ನು ನೆನಪಿಸಿಕೊಳ್ಳುವುದು ಅನ್ನುವುದನ್ನು ಆ ವಾಟ್ಸಾಪ್ ಮೆಸೇಜ್ ಹೇಳುವುದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಬೈಕಿನಲ್ಲಿ ಹೆಲ್ಮೆಟ್, ಸವಾರನಿಗೆ ಕಟ್ಟುವ ಬೆಲ್ಟ್, ಗಂಟೆಗೆ 40 ಕಿ.ಮೀ. ಮೀರದ ವೇಗ. ಇದರಲ್ಲಿ ಗೊಣಗುವಂಥದ್ದು ಏನೂ ಇಲ್ಲ.

ನೀರಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಬೆನ್ನಿಗೆ ಒಣಗಿದ ಸೋರೆಬುರುಡೆಯೋ ಖಾಲಿ ಡಬ್ಬವೋ ಕಟ್ಟಿ ಬಾವಿಗೆ ತಳ್ಳಿ ಈಜು ಕಲಿಸುತ್ತಿದ್ದರು. ಆಗ ಪಕ್ಕದಲ್ಲಿ ಈಜು ಬಲ್ಲ ಮಾವನೋ ಚಿಕ್ಕಪ್ಪನೋ ಇರುತ್ತಿದ್ದ, ಎಷ್ಟೋ ಬಾವಿಗಳಿಗೆ ಮೆಟ್ಟಿಲೂ ಇರುತ್ತಿದ್ದವು. ಈಗ ಹಳ್ಳಿಗಳಲ್ಲಿ ಕೃಷಿ ಹೊಂಡ ಬಂದಿವೆ, 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ನಂತರ ಜಾಸ್ತಿಯೇ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಕಾಲಿಟ್ಟರೆ ಜಾರುತ್ತದೆ, ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ, ಈಜು ಬಲ್ಲವರೂ ಒದ್ದಾಡುತ್ತಾರೆ. ಕಲ್ಲು ಕ್ವಾರಿಯ ಹೊಂಡವೂ ಹಾಗೇ, ಆಳ ಗೊತ್ತಾಗುವುದಿಲ್ಲ. ರಜೆಗೆ ಅಜ್ಜನ ಮನೆಗೆ ಮಕ್ಕಳನ್ನು ಕಳಿಸುವಾಗ ಹೊಂಡ ಎಲ್ಲಿದೆ, ಬೇಲಿ ಇದೆಯಾ ಅಂತ ಮೊದಲು ಕೇಳಿ. ಬಾಯಿ ಮುಚ್ಚದ ಕೊಳವೆ ಬಾವಿ ಇದೆಯಾ ಅಂತಲೂ ಕೇಳಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಪುಟ್ಟ ಮಗುವನ್ನು ಬದುಕಿಸಿ ತೆಗೆದರು, ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರುವುದಿಲ್ಲ. ಈಜು ಕಲಿಯಲೇಬೇಕು, ಆದರೆ ಈಜುಕೊಳದಲ್ಲಿ, ಕಲಿಸುವವರ ಜೊತೆ.

ಗಾಯದ ಮದ್ದೂ ಬದಲಾಗಬೇಕು. ತರಚಿದ ಗಾಯಕ್ಕೆ ಕಾಫಿಪುಡಿ ಮೆತ್ತುವುದು ಬಿಡಿ, ಸೋಪು ನೀರಿನಲ್ಲಿ ತೊಳೆದರೆ ಸಾಕು. 10ನೇ ಮತ್ತು 16ನೇ ವರ್ಷದ ಧನುರ್ವಾಯು ಲಸಿಕೆ ಆಗಿದೆಯಾ ನೋಡಿ. ನಾಯಿ ಕಚ್ಚಿದರೆ, ಬರೀ ಪರಚಿದರೂ ಸರಿ, 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಬೈತಾರೆ ಅಂತ ಮಕ್ಕಳು ಇದನ್ನು ಮುಚ್ಚಿಡುತ್ತಾರೆ. ಹಾಗಾಗಿ "ಕಚ್ಚಿದ್ರೆ ಬೈಯಲ್ಲ, ಬಂದು ಹೇಳು" ಅಂತ ಮೊದಲೇ ಹೇಳಿಡಿ.

ಕೊನೆಯದು, ಚಿಕ್ಕ ವಿಷಯ. ಆಟ ಮುಗಿದ ಮೇಲೆ ಲಗೋರಿ ಕಲ್ಲುಗಳನ್ನು ಒಂದು ಹಳೇ ಬಕೆಟ್ಟಿಗೆ ಹಾಕಿ ಸೆಕ್ಯೂರಿಟಿ ಅಣ್ಣನ ಕುರ್ಚಿ ಪಕ್ಕ ಇಡಿಸಿ, ಏನು ಅಂತ ಅವರಿಗೆ ಹೇಳಿರಿ. ಇಲ್ಲದಿದ್ದರೆ ಬೆಳಗ್ಗೆ ಕಸದ ಗಾಡಿಗೆ ಹೋಗಿರುತ್ತವೆ, ಸಂಜೆ ನೀವು ಮತ್ತೆ ಟೈಲ್ಸ್ ಹುಡುಕಿಕೊಂಡು ಅಲೆಯಬೇಕಾಗುತ್ತದೆ.