ಶೆಡ್ಡಲ್ಲೇ ಎಸ್‌ಜಿ ಐರನ್ ಬಿರುಕು ಅಳೆದದ್ದು: ನನ್ನ ಅನುಭವ

ಮೋಟಾರು, ಎಕ್ಸೆಂಟ್ರಿಕ್ (ತಿರುಗುತ್ತಾ ಹಿಂದೆಮುಂದೆ ಎಳೆಯುವ ಓರೆಗಾಲಿ) ಇಟ್ಟುಕೊಂಡು ಎಸ್‌ಜಿ ಐರನ್ನಿನಲ್ಲಿ, ಅಂದರೆ ಒಳಗೆ ಗ್ರಾಫೈಟ್ ಗುಂಡುಗುಂಡಾಗಿರುವ ಎರಕದ ಕಬ್ಬಿಣದಲ್ಲಿ, ಬಿರುಕು ಬೆಳೆಯುವ ವೇಗ ಅಳೆಯುತ್ತೇನೆ ಅಂದಾಗ ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯಲ್ಲಿ ಯಾರೂ ನಂಬಲಿಲ್ಲ. "ಸರ್ವೋ ಹೈಡ್ರಾಲಿಕ್ ಮಷೀನ್ ಇಲ್ದೆ ಆಗಲ್ಲ ಬಿಡಿ ಸಾರ್" ಅಂದರು. ಅದು ಎಣ್ಣೆಯ ಒತ್ತಡದಲ್ಲಿ ಲೋಡನ್ನು ತಾನೇ ಹಿಡಿದಿಡುವ ದುಬಾರಿ ಮಷೀನು. ಈಗ ನನ್ನ ಗ್ರಾಫೂ ಬೆಂಗಳೂರಿನ ಲ್ಯಾಬಿನ ಗ್ರಾಫೂ ಹೆಚ್ಚುಕಮ್ಮಿ ಒಂದರ ಮೇಲೊಂದು ಕೂರುತ್ತವೆ.

ಹೊರಗೆ ಕೊಟ್ಟರೆ ಒಂದು ಸ್ಯಾಂಪಲ್ಲಿಗೆ 20 ಸಾವಿರದ ಆಸುಪಾಸು. ನನ್ನ ರಿಗ್ಗಿಗೆ ಒಟ್ಟು ಒಂದೂವರೆ ಲಕ್ಷ ಬಿದ್ದಿರಬಹುದು. ಅರ್ಧ ಗುಜರಿ ಸಾಮಾನು, ಎಳೆಯುವ ಬಲ ಅಳೆಯುವ ಲೋಡ್ ಸೆಲ್ ಮಾತ್ರ ಹೊಸದು.

ಸತಾಯಿಸಿದ್ದು ಲೋಡು. ಎಕ್ಸೆಂಟ್ರಿಕ್ ಎಳೆಯುವ ದೂರ ಬದಲಾಗುವುದಿಲ್ಲ. ಬಿರುಕು ಬೆಳೆದಂತೆ ಸ್ಯಾಂಪಲ್ ಸಡಿಲವಾಗಿ ಲೋಡು ಇಳಿಯುತ್ತದೆ. ಮೊದಲಿನ ಸಿಟಿ (ಕಾಂಪ್ಯಾಕ್ಟ್ ಟೆನ್ಶನ್, ಸೀಳು ಕೊರೆದ ಚೌಕನೆ ತುಂಡು) ಸ್ಯಾಂಪಲ್‌ಗಳಲ್ಲಿ ಬಿರುಕು ನಾಲ್ಕೈದು ಮಿ.ಮೀ. ಓಡಿ ನಿಂತೇಬಿಡುತ್ತಿತ್ತು. ಆ ಸೀಳು ಕೊರೆಸಿದ ವೈರ್‌ಕಟ್ ಖರ್ಚೆಲ್ಲ ದಂಡ. ಆಮೇಲೆ ಸ್ಕ್ರೂ ಹಾಕಿ, ಅರ್ಧ ಮಿ.ಮೀ.ಗೊಮ್ಮೆ ಲೋಡು ಸರಿಮಾಡುತ್ತಾ ಹೋದೆ. ಒಮ್ಮೆ ಜಾಸ್ತಿ ಎಳೆದರೂ ಸಾಕು, ಬಿರುಕು ಬಹಳ ಹೊತ್ತು ಮುಂದೆ ಹೋಗುವುದೇ ಇಲ್ಲ. ಎಷ್ಟು ತಿರುಗಿಸಬೇಕು ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ.

ಬಿರುಕಿನ ತುದಿ ಕಣ್ಣಿಗೆ ಸಿಗದಿದ್ದರೆ ಪಾಲಿಶ್ ಮಾಡಿದ ಮಗ್ಗುಲಿಗೆ ತೆಳುವಾಗಿ ಸೀಮೆಎಣ್ಣೆ ಸವರಿ. ಬಿರುಕು ಬಾಯಿ ತೆರೆದು ಮುಚ್ಚುವಾಗ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ಎಲ್ಲಿ ಮುಗಿಯಿತೋ ಅಲ್ಲೇ ತುದಿ. ಅಳೆದಾದ ಮೇಲೆ ಒರೆಸಿಬಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯೇ ಒದ್ದೆ ಅಲ್ವಾ, ಸುಮ್ನೆ ನೋಡೋಣ ಅಂತ ಒಂದು ಸ್ಯಾಂಪಲ್ಲಿಗೆ ನೀರು ತೊಟ್ಟಿಕ್ಕಿಸಿದೆ. ಅದೇ ಲೋಡಿಗೆ ಬಿರುಕು ಎದ್ದುಕಾಣುವಷ್ಟು ಬೇಗ ಓಡಿತು.

ಟಫ್‌ನೆಸ್, ಅಂದರೆ ಬಿರುಕಿದ್ದರೂ ಮುರಿಯದೆ ತಾಳುವ ಗುಣದ ವಿಷಯಕ್ಕೆ ಬಂದರೆ, 700/2 ಗ್ರೇಡಿನ (ಮೊದಲ ಅಂಕಿ ಎಳೆತ ತಾಳುವ ಬಲ, ಎರಡನೆಯದು ಮುರಿಯುವ ಮುಂಚೆ ಶೇಕಡಾ ಎಷ್ಟು ಹಿಗ್ಗುತ್ತದೆ ಅನ್ನುವುದು) ಗಟ್ಟಿ ಪರ್ಲೈಟಿಕ್ ಐರನ್ 25 ಮಿ.ಮೀ. ದಪ್ಪದಲ್ಲಿ ಸರಿಯಾದ ಕೆ-ಒನ್-ಸಿ (ಟಫ್‌ನೆಸ್ಸಿನ ಅಳತೆ) ಕೊಟ್ಟಿತು, 35 ಮೆಗಾಪ್ಯಾಸ್ಕಲ್ ರೂಟ್ ಮೀಟರ್ ಹತ್ತಿರ. ಅನೀಲ್ ಮಾಡಿದ, ಅಂದರೆ ಕಾಯಿಸಿ ನಿಧಾನ ತಣಿಸಿ ಮೆದು ಮಾಡಿದ 400/18 ಅಷ್ಟು ಸುಲಭಕ್ಕೆ ಕೆ-ಒನ್-ಸಿ ಕೊಡುವ ಸರಕಲ್ಲ. ಗ್ರಾಫ್ ಬಾಗಿಹೋಗುತ್ತದೆ, ಅದಕ್ಕೆ ಇಂಥ ಮೆದು ಲೋಹಕ್ಕೆ ಮಾಡುವ ಜೆ ಟೆಸ್ಟೇ ಆಗಬೇಕು. ಅದನ್ನು ಹೊರಗೆ ಮಾಡಿಸಿದೆ.

ನನಗೆ ನಿಜವಾಗಿ ಲಾಭ ತಂದದ್ದು ಒಡೆದ ಮುಖ. ಸ್ಯಾಂಪಲ್ಲನ್ನು 300 ಡಿಗ್ರಿ ಆಸುಪಾಸು ಕಾಯಿಸಿ ಆಮೇಲೆ ಮುರಿದರೆ ಫಟೀಗ್ ಆದ (ಮತ್ತೆಮತ್ತೆ ಎಳೆದು ಬಿರುಕುಬಿಟ್ಟ) ಜಾಗ ನೀಲಿಗಟ್ಟಿರುತ್ತದೆ, ಉಳಿದದ್ದು ಹಾಗೇ ಇರುತ್ತದೆ. ನೀಲಿಯ ಅಂಚು ಒಂದು ಕಡೆ ಮುಂದಕ್ಕೆ ನುಗ್ಗಿತ್ತು. ಲೆನ್ಸ್ ಹಿಡಿದರೆ ಅಲ್ಲಿ ಜಾಳುಜಾಳಾದ ಶ್ರಿಂಕೇಜ್, ಎರಕ ತಣಿದು ಕುಗ್ಗುವಾಗ ಉಳಿದ ಸಣ್ಣ ತೂತುಗಳು. ನೋಡ್ಯುಲಾರಿಟಿ (ಗ್ರಾಫೈಟ್ ಎಷ್ಟು ಪಾಲು ಗುಂಡಗಿದೆ ಅನ್ನುವುದು) ಶೇ. 90ರ ಮೇಲಿತ್ತು, ಗ್ರಾಫೈಟನ್ನು ಗುಂಡಗೆ ಮಾಡುವ ಮೆಗ್ನೀಸಿಯಂ ಶೇ. 0.04ರ ಹತ್ತಿರ, ಅಲ್ಲಿ ಕೊರತೆ ಇರಲಿಲ್ಲ. ಗ್ರೇಡ್ ಮುಟ್ಟದೆ ರೈಸರ್ (ಎರಕ ಕುಗ್ಗುವಾಗ ಕರಗಿದ ಲೋಹ ತುಂಬಿಕೊಡುವ ಗುಂಡಿ) ಜಾಗ ಬದಲಿಸಿದೆ, ಗ್ರಾಫೈಟ್ ಚೆನ್ನಾಗಿ ಹುಟ್ಟಲು ಬೆರೆಸುವ ಇನಾಕ್ಯುಲೆಂಟನ್ನು ಸುರಿಯುವ ಧಾರೆಗೇ ಹಾಕಿದೆ. ಕೆಜಿಗೆ ಎರಡು ರೂಪಾಯಿ ಜಾಸ್ತಿ ಬಿತ್ತು. ನಾವು ಎರಕ ಹೊಯ್ಯುವ ಬ್ರಾಕೆಟ್ಟಿನ ಆಯಸ್ಸು ಹತ್ತಿರಹತ್ತಿರ ಎರಡು ಪಟ್ಟಾಯಿತು, 600/3 ಬೇಕೇಬೇಕು ಅಂತ ಕೂತಿದ್ದ ಪಾರ್ಟಿ ಈಗ 400/18ಕ್ಕೇ ಆರ್ಡರ್ ಕೊಟ್ಟಿದೆ.