‘ದ ಪ್ರೈಸ್ ಈಸ್ ರೈಟ್’ ರಾತ್ರಿ ವಿಶೇಷ: ಯಾವ ಆಟ ಬರುತ್ತದೆ, ಬಂದರೆ ಹೇಗೆ ಆಡಬೇಕು

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1972ರ ಸೆಪ್ಟೆಂಬರ್ 4ರಿಂದ ಬೆಳಗಿನ ಹೊತ್ತು ಬರುತ್ತಿರುವ, ವಸ್ತುಗಳ ಬೆಲೆ ಊಹಿಸಿ ಬಹುಮಾನ ಗೆಲ್ಲುವ ಈ ಷೋ ಆಗಾಗ ರಾತ್ರಿಯ ಪ್ರೈಮ್ ಟೈಮಿಗೂ ಬರುತ್ತದೆ. 1986ರ ಬೇಸಿಗೆಯಲ್ಲಿ ಹಾಗೆ ಬಂದಿತ್ತು. 2003ರಿಂದ ‘ಮಿಲಿಯನ್ ಡಾಲರ್ ಸ್ಪೆಕ್ಟಾಕ್ಯುಲರ್’ ಎಂಬ ಹೆಸರು ಸೇರಿತು, 2019ರ ಡಿಸೆಂಬರ್‌ನಿಂದ ‘ಅಟ್ ನೈಟ್’ ಎಂಬ ಹೆಸರಿದೆ. ಚೌಕಟ್ಟು ಬದಲಾಗುವುದಿಲ್ಲ. ಗಂಟೆಯೊಳಗೆ ಆರು ಬೆಲೆ ಆಟ, ಎರಡು ಸಲ ದೊಡ್ಡ ಚಕ್ರ, ಕೊನೆಗೆ ಚಕ್ರ ಗೆದ್ದ ಇಬ್ಬರಿಗೆ ಷೋಕೇಸ್, ಅಂದರೆ ಒಟ್ಟು ಬೆಲೆ ಊಹಿಸಬೇಕಾದ ಬಹುಮಾನಗಳ ಕಂತೆ. ಬದಲಾಗುವುದು ಬಹುಮಾನದ ತೂಕ.

ಆಟಗಳ ಆಯ್ಕೆಯೂ ಅದರ ಮೇಲೇ ನಿಂತಿದೆ. ಪಟ್ಟಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಆಟಗಳಿದ್ದರೂ ರಾತ್ರಿಗೆ ಒಗ್ಗುವುದು ಎರಡು ಜಾತಿ. ಒಂದು, ಮೇಲಿನ ಮೊತ್ತವನ್ನು ಸುಮ್ಮನೆ ಫಲಕ ಬದಲಿಸಿ ಏರಿಸಬಹುದಾದ ನಗದು ಆಟ: ಪ್ಲಿಂಕೊ, ಪಂಚ್ ಎ ಬಂಚ್, ಪೇ ದ ರೆಂಟ್. ಇನ್ನೊಂದು, ಎಷ್ಟು ದುಬಾರಿ ಕಾರನ್ನಾದರೂ ನಿಲ್ಲಿಸಬಹುದಾದ ಆಟ: ಗೋಲ್ಡನ್ ರೋಡ್, ಟ್ರಿಪಲ್ ಪ್ಲೇ, ತ್ರೀ ಸ್ಟ್ರೈಕ್ಸ್. ಕೆಳಗಿನ ಮೊತ್ತಗಳೆಲ್ಲ ಬೆಳಗಿನ ಷೋದವು. ರಾತ್ರಿ ಅವು ಏರಿದರೂ ಲೆಕ್ಕದ ದಾರಿ ಅದೇ.

ಮೊದಲು ವೇದಿಕೆ ಹತ್ತಬೇಕು

ನಾಲ್ವರು ಒಂದು ವಸ್ತುವಿಗೆ ಬೆಲೆ ಕೂಗುತ್ತಾರೆ. ನಿಜ ಬೆಲೆಯನ್ನು ಮೀರದೆ ಹತ್ತಿರ ಹೋದವರು ಗೆದ್ದಂತೆ. ಕೊನೆಗೆ ಕೂಗುವವರಿಗೇ ಅನುಕೂಲ ಹೆಚ್ಚು, ಆದರೆ ಅದನ್ನು ಕೈಯಾರೆ ಕಳೆದುಕೊಳ್ಳುವವರೂ ಅವರೇ. ಮೊದಲ ಮೂವರು 750, 900, 1,100 ಅಂದಿದ್ದಾರೆ ಎನ್ನಿ. ನಾಲ್ಕನೆಯವರು 1,000 ಅಂದರೆ 901ರಿಂದ 999ರವರೆಗಿನ ಜಾಗವನ್ನು ಪುಕ್ಕಟೆ ಬಿಟ್ಟುಕೊಟ್ಟ ಹಾಗೆ. ಅಲ್ಲಿ ಹೇಳಬೇಕಾದದ್ದು ನಾಲ್ಕೇ ಸಂಖ್ಯೆ: 1,101, 901, 751, ಇಲ್ಲವೇ ಎಲ್ಲರೂ ಜಾಸ್ತಿ ಕೂಗಿದ್ದಾರೆ ಅನಿಸಿದರೆ 1 ಡಾಲರ್. ಸೌಜನ್ಯಕ್ಕೆಂದು ಪಕ್ಕದವರ ಮೇಲೆ ಒಂದು ಡಾಲರ್ ಏರಿಸಲು ಹಿಂಜರಿಯುವವರು ಪ್ರೇಕ್ಷಕರ ಸಾಲಿನಲ್ಲೇ ಉಳಿಯುವುದು ಒಳ್ಳೆಯದು.

ಬೆಲೆ ಆಟಗಳು

1983ರಲ್ಲಿ ಬಂದ ಪ್ಲಿಂಕೊ ಎಲ್ಲರಿಗೂ ಪ್ರಿಯ. ಒಂದು ಬಿಲ್ಲೆ ಉಚಿತ, ಇನ್ನು ನಾಲ್ಕನ್ನು ಸಣ್ಣ ವಸ್ತುಗಳಿಂದ ಗಳಿಸಬೇಕು. ಪ್ರತಿ ವಸ್ತುವಿಗೆ ಎರಡು ಅಂಕಿ ತೋರಿಸುತ್ತಾರೆ, ಅದರಲ್ಲಿ ಒಂದೇ ಸರಿ. 72 ಅಂತ ಇದ್ದರೆ ಬೆಲೆ ಎಪ್ಪತ್ತರ ಆಸುಪಾಸಿನದು, ಇಲ್ಲವೇ 2ರಿಂದ ಮುಗಿಯುವ ಇನ್ಯಾವುದೋ ಒಂದು. ಪೂರ್ತಿ ಬೆಲೆ ಊಹಿಸಲು ಹೋಗಬೇಡಿ. ‘ಇದು ಎಪ್ಪತ್ತರ ಸರಕೇ?’ ಎಂದಷ್ಟೇ ಕೇಳಿಕೊಳ್ಳಿ. ಅಲ್ಲ ಅನಿಸಿದರೆ ಎರಡನೆಯ ಅಂಕಿ.

ಹಲಗೆಯ ಕೆಳಗೆ ಒಂಬತ್ತು ಗೂಡು: 100, 500, 1,000, 0, 10,000, 0, 1,000, 500, 100. ದೊಡ್ಡ ಮೊತ್ತದ ಎರಡೂ ಮಗ್ಗುಲಿಗೆ ಸೊನ್ನೆ ಕೂತಿರುವುದರಿಂದ ಹೆದರಿ ಅಂಚಿನಿಂದ ಬಿಡುವವರಿದ್ದಾರೆ. ಅದು ನಷ್ಟ. ಬಿಲ್ಲೆ ಮೊಳೆಗಳಿಗೆ ಬಡಿದು ಎಡಬಲ ಆಡಿದರೂ ಬಿಟ್ಟ ನೇರದ ಸುತ್ತಲೇ ಬೀಳುವ ಸಾಧ್ಯತೆ ಹೆಚ್ಚು, ಹಾಗಾಗಿ ನೇರ 10,000ದ ಮೇಲಿಂದಲೇ ಬಿಡಿ. ಬಿಲ್ಲೆಯನ್ನು ಹಲಗೆಗೆ ಚಪ್ಪಟೆಯಾಗಿ ಒತ್ತಿ ಹಿಡಿದು, ತಳ್ಳದೆ ಬೆರಳು ತೆಗೆಯಿರಿ. ಐದೂ ನಡುವೆ ಬಿದ್ದರೆ 50,000. ಆದರೆ ಅದು ಕಾಗದದ ಮೇಲಿನ ಮಾತು. 2017ರಲ್ಲಿ ದಾಖಲೆಯಾದ ಗಳಿಕೆಯೇ 31,500.

ಪಂಚ್ ಎ ಬಂಚ್‌ನಲ್ಲಿ ಬೆಲೆಗಿಂತ ಲೆಕ್ಕ ಮುಖ್ಯ. ಮುಷ್ಟಿಯಿಂದ ಗುದ್ದಿ ತೆರೆಯಬೇಕಾದ ಐವತ್ತು ರಂಧ್ರ, ಒಂದೊಂದರಲ್ಲೂ ಒಂದು ಚೀಟಿ. 25,000ದ್ದು ಒಂದು, 10,000ದ್ದು ಎರಡು, 5,000ದ್ದು ನಾಲ್ಕು, 2,500ರದ್ದು ಎಂಟು, 1,000, 500, 250ರವು ಹತ್ತು ಹತ್ತು, 100ರದ್ದು ಐದು. ನಾಲ್ಕು ವಸ್ತುಗಳ ಬೆಲೆ ತೋರಿಸಿದ್ದಕ್ಕಿಂತ ಹೆಚ್ಚೋ ಕಡಿಮೆಯೋ ಹೇಳಿ ಗುದ್ದುಗಳನ್ನು ಗಳಿಸುತ್ತೀರಿ. ನಂತರ ಒಂದೊಂದೇ ಚೀಟಿ ಬಿಚ್ಚುತ್ತಾರೆ. ಇಟ್ಟುಕೊಳ್ಳಬಹುದು, ಇಲ್ಲವೇ ಬಿಟ್ಟು ಮುಂದಿನದಕ್ಕೆ ಹೋಗಬಹುದು.

ಒಟ್ಟು ಕೂಡಿಸಿ ಐವತ್ತರಿಂದ ಭಾಗಿಸಿದರೆ ಒಂದು ಚೀಟಿಯ ಸರಾಸರಿ 2,060 ಡಾಲರ್. ಇನ್ನೊಂದೇ ಗುದ್ದು ಬಾಕಿ ಇದ್ದಾಗ ಕೈಗೆ 2,500 ಬಂದರೆ ಇಟ್ಟುಕೊಳ್ಳಿ, 1,000 ಬಂದರೆ ಬಿಡಿ. ಎರಡು ಬಾಕಿ ಇದ್ದಾಗ ಮುಂದಿನ ನಿರೀಕ್ಷೆ ಸುಮಾರು 3,140ಕ್ಕೆ ಏರುತ್ತದೆ, ಆಗ ಅದೇ 2,500ನ್ನು ಬಿಡಬೇಕು. ಮೂರು ಬಾಕಿ ಇದ್ದರೆ ಸುಮಾರು 4,000, ಆದರೂ 5,000 ಸಿಕ್ಕರೆ ಅಲ್ಲಿಗೆ ಸಾಕು. ಹಿಂದಿನಿಂದ ‘ಬಿಡು, ಬಿಡು’ ಎಂದು ಕೂಗುವ ಪ್ರೇಕ್ಷಕರಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಡವುವುದು 2010ರಲ್ಲಿ ಬಂದ ಪೇ ದ ರೆಂಟ್‌ನಲ್ಲಿ. ಮೇಲಿನ ಮೊತ್ತ 1,00,000 ಡಾಲರ್. ಆರು ದಿನಸಿ ಸಾಮಾನನ್ನು ಒಂದು ಮನೆಯಲ್ಲಿ ಜೋಡಿಸಬೇಕು: ಅಂಚೆಪೆಟ್ಟಿಗೆಗೆ ಒಂದು, ಕೆಳಮಹಡಿಗೆ ಎರಡು, ಮೇಲ್ಮಹಡಿಗೆ ಎರಡು, ಅಟ್ಟಕ್ಕೆ ಒಂದು. ಪ್ರತಿ ಅಂತಸ್ತಿನ ಒಟ್ಟು ಬೆಲೆ ಕೆಳಗಿನದಕ್ಕಿಂತ ಹೆಚ್ಚಿರಬೇಕು. ಬಹಳ ಜನ ಅತಿ ಅಗ್ಗದ್ದನ್ನು ಅಂಚೆಪೆಟ್ಟಿಗೆಗೆ ಹಾಕುತ್ತಾರೆ, ಆಟ ಅಲ್ಲಿಗೇ ಕೆಡುತ್ತದೆ. ಅಟ್ಟದ ಒಂದೇ ವಸ್ತು ಮೇಲ್ಮಹಡಿಯ ಎರಡನ್ನೂ ಮೀರಬೇಕಲ್ಲ!

ಬೆಲೆಗಳು 2, 3, 4, 5, 6, 10 ಎಂದುಕೊಳ್ಳಿ. ಅಟ್ಟಕ್ಕೆ 10 ಹೋಗಲೇಬೇಕು. ಅಂಚೆಪೆಟ್ಟಿಗೆಗೆ 2 ಹಾಕಿದರೆ ಉಳಿಯುವುದು 3, 4, 5, 6, ಒಟ್ಟು 18. ಹೇಗೆ ಜೋಡಿ ಕಟ್ಟಿದರೂ 9 ಮತ್ತು 9, 8 ಮತ್ತು 10, 7 ಮತ್ತು 11. ಯಾವುದೂ ಒಗ್ಗುವುದಿಲ್ಲ. ಅದೇ 4 ಹಾಕಿ ನೋಡಿ: ಕೆಳಗೆ 2 ಮತ್ತು 5 ಸೇರಿ 7, ಮೇಲೆ 3 ಮತ್ತು 6 ಸೇರಿ 9, ಅಟ್ಟದಲ್ಲಿ 10. ಮನೆ ನಿಂತಿತು. ಹಾಗಾಗಿ ಅಂಚೆಪೆಟ್ಟಿಗೆಗೆ ನಡುವಿನ ಬೆಲೆಯದು, ಎರಡು ಮಹಡಿಗೂ ಒಂದು ಅಗ್ಗದ್ದು ಒಂದು ದುಬಾರಿಯದು. ಮನೆಯಲ್ಲಿ ಅಭ್ಯಾಸ ಮಾಡಲು ಈ ವಾರದ ದಿನಸಿ ಬಿಲ್ ಸಾಕು.

ಕ್ಲಿಫ್ ಹ್ಯಾಂಗರ್ಸ್‌ನ ಬೆಟ್ಟ ಹತ್ತುವ ಗೊಂಬೆಗೆ ಇರುವುದು 25 ಹೆಜ್ಜೆ. ಮೂರು ವಸ್ತುಗಳ ಬೆಲೆಯಲ್ಲಿ ನೀವು ತಪ್ಪಿದ ಪ್ರತಿ ಡಾಲರಿಗೂ ಅದು ಒಂದು ಹೆಜ್ಜೆ ಮೇಲೇರುತ್ತದೆ, 25 ದಾಟಿದರೆ ಪ್ರಪಾತ. ಇಲ್ಲಿ ಕಡಿಮೆ ಹೇಳಿದರೆ ಕ್ಷೇಮ ಎಂಬ ಅಭ್ಯಾಸ ಬಿಡಿ, ಹತ್ತು ಕಡಿಮೆಯಾದರೂ ಹತ್ತು ಹೆಚ್ಚಾದರೂ ಹೆಜ್ಜೆ ಹತ್ತೇ. ವಸ್ತುಗಳು ಸಾಮಾನ್ಯವಾಗಿ ಅಗ್ಗದಿಂದ ದುಬಾರಿಯ ಕ್ರಮದಲ್ಲಿ ಬರುತ್ತವೆ, ಊಹೆಯೂ ಹಾಗೇ ಏರಲಿ.

ಕಾರಿನ ಆಟಗಳಿಗೆ ಇಷ್ಟು ಉಪಾಯವಿಲ್ಲ. ಟ್ರಿಪಲ್ ಪ್ಲೇಯಲ್ಲಿ ಮೂರು ಕಾರು. ಮೊದಲನೆಯದಕ್ಕೆ ಎರಡು ಬೆಲೆ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ನಾಲ್ಕು ತೋರಿಸುತ್ತಾರೆ. ಕಣ್ಣುಮುಚ್ಚಿ ಆರಿಸಿದರೆ ಗೆಲ್ಲುವುದು 24ರಲ್ಲಿ ಒಂದು ಸಲ. ಗೋಲ್ಡನ್ ರೋಡ್‌ನಲ್ಲೂ ಆಯ್ಕೆಗಳು ಇದೇ ರೀತಿ ಎರಡು, ಮೂರು, ನಾಲ್ಕು ಎಂದು ಬೆಳೆಯುತ್ತವೆ. ತ್ರೀ ಸ್ಟ್ರೈಕ್ಸ್‌ನಲ್ಲಂತೂ ಕಾರಿನ ಬೆಲೆಯ ಅಂಕಿಗಳ ಬಿಲ್ಲೆಗಳಿರುವ ಚೀಲಕ್ಕೆ ಕೈ ಹಾಕಿದಾಗ ಏನು ಸಿಗುತ್ತದೋ ಅದೇ.

ಚಕ್ರ ಮತ್ತು ಷೋಕೇಸ್

ಮೂವರು ಸರದಿಯಲ್ಲಿ ತಿರುಗಿಸುವ ಚಕ್ರದಲ್ಲಿ 5 ಸೆಂಟಿನಿಂದ 1 ಡಾಲರಿನವರೆಗೆ ಇಪ್ಪತ್ತು ಮನೆ. ಗರಿಷ್ಠ ಎರಡು ತಿರುವಿನಲ್ಲಿ, ಮೀರದೆ, ಒಂದು ಡಾಲರಿಗೆ ಹತ್ತಿರವಾಗಬೇಕು. ಮೊದಲಿಗರು 65 ಅಥವಾ ಕಡಿಮೆ ಬಂದರೆ ಮತ್ತೆ ತಿರುಗಿಸಲಿ, 70 ಬಂದರೆ ನಿಲ್ಲಲಿ. ಎರಡನೆಯವರು ಮುಂದಿದ್ದರೂ 50 ಅಥವಾ ಕಡಿಮೆ ಇದ್ದರೆ ಮತ್ತೆ ತಿರುಗಿಸಬೇಕು, 55 ಇದ್ದರೆ ನಿಲ್ಲಬೇಕು. ಚಕ್ರ ಭಾರ, ಒಂದು ಪೂರ್ತಿ ಸುತ್ತು ಬರದಿದ್ದರೆ ಲೆಕ್ಕಕ್ಕಿಲ್ಲ, ಮೇಲಾಗಿ ಸಭೆಯ ಗೇಲಿ. ಎತ್ತರದಲ್ಲಿ ಹಿಡಿದು ಮಂಡಿ ಬಗ್ಗಿಸಿ ಕೆಳಕ್ಕೆ ಎಳೆಯಿರಿ.

ಷೋಕೇಸಿನಲ್ಲಿ ಬೆಳಗಿನ ನಿಯಮ ಹೀಗಿದೆ: ನಿಜ ಬೆಲೆಗಿಂತ 250 ಡಾಲರ್ ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ, ಮೀರದೆ ನಿಂತು ಗೆದ್ದರೆ ಎರಡೂ ಷೋಕೇಸ್ ನಿಮ್ಮವು. ಬಿಡಿ ವಸ್ತುಗಳಿಗೆ ಬೆಲೆ ಹಾಕಿ ಕೂಡಿಸುತ್ತಾ ಹೋಗಿ, ಕೊನೆಗೆ ಸ್ವಲ್ಪ ಇಳಿಸಿ ಹೇಳಿ. ಇಬ್ಬರೂ ಮೀರಿದರೆ ಇಬ್ಬರಿಗೂ ಇಲ್ಲ. ಒಂದೇ ಸಾಮಾನು ಮತ್ತೆ ಮತ್ತೆ ಬರುವುದರಿಂದ ಹಳೆಯ ಕಂತುಗಳ ಬೆಲೆ ಬರೆದಿಟ್ಟುಕೊಳ್ಳುವುದೇ ನಿಜವಾದ ತಯಾರಿ. 2008ರಲ್ಲಿ ಹಾಗೆ ತಯಾರಾಗಿ ಬಂದ ಸ್ಪರ್ಧಿಯೊಬ್ಬರು 23,743 ಡಾಲರ್ ಎಂದು ಒಂದು ಡಾಲರೂ ತಪ್ಪದೆ ಹೇಳಿದ್ದರು.

ಕಾರು ಗೆದ್ದರೂ ತೆರಿಗೆಯನ್ನು ಕೈಯಿಂದ ನಗದಾಗಿ ಕಟ್ಟಬೇಕು, ಬಹುಮಾನದ ಬೆಲೆ ಆದಾಯಕ್ಕೆ ಸೇರುತ್ತದೆ. ಕಟ್ಟಲಾಗದಿದ್ದರೆ ಬಹುಮಾನ ಬೇಡವೆನ್ನುವ ಅವಕಾಶವೂ ಇದೆ.