ಸುಬ್ಹಿಯ ಕುನೂತ್ ಮತ್ತು ನನ್ನ ಹೊಲಿಗೆ ಕೆಲಸ

ದಕ್ಷಿಣ ಕನ್ನಡದ ನಮ್ಮ ಕಡೆ ಮದ್ರಸಕ್ಕೆ ಹೋದ ಮಕ್ಕಳಿಗೆಲ್ಲ ಕುನೂತ್, ಅಂದರೆ ನಮಾಝಿನಲ್ಲಿ ನಿಂತು ಓದುವ ಒಂದು ದುಆ (ಪ್ರಾರ್ಥನೆ), ಬಾಯಿಪಾಠ ಇರುತ್ತದೆ. ನಾವು ಶಾಫಿಈಗಳು, ಅಂದರೆ ಸುನ್ನಿ ಮುಸ್ಲಿಮರಲ್ಲಿ ಶಾಫಿಈ ಪಂಥದವರು. ದಿನಾ ಸುಬ್ಹಿ (ಮುಂಜಾವಿನ) ನಮಾಝಿನ ಎರಡನೇ ರಕಅತಿನಲ್ಲಿ (ಸುತ್ತಿನಲ್ಲಿ), ಬಾಗಿ ನಿಲ್ಲುವ ರುಕೂಅ್‌ನಿಂದ ಎದ್ದು ನಿಂತ ಮೇಲೆ ಕೈ ಎತ್ತಿ ಈ ದುಆ ಓದುತ್ತೇವೆ. ವಿತ್ರ್‌ನಲ್ಲಿ (ರಾತ್ರಿಯ ಕೊನೆಯ ನಮಾಝಿನಲ್ಲಿ) ಹೇಳಲು ಪ್ರವಾದಿ (ಸ) ತಮ್ಮ ಮೊಮ್ಮಗ ಹಸನ್‌ರಿಗೆ (ರ) ಕಲಿಸಿದ ಮಾತುಗಳಿವು ಅಂತ ಅಬೂದಾವೂದ್, ತಿರ್ಮಿದಿ ಹದೀಸ್ (ಪ್ರವಾದಿಯವರ ಮಾತು-ನಡೆಗಳ) ಗ್ರಂಥಗಳಲ್ಲಿದೆ. ಸುಬ್ಹಿಯಲ್ಲೂ ನಾವು ಇದನ್ನೇ ಓದುತ್ತೇವೆ.

ಮದುವೆಯಾಗಿ ಬೆಂಗಳೂರಿಗೆ ಬಂದೆ, ಮನೆಯಲ್ಲೇ ಹೊಲಿಗೆ ಶುರು ಮಾಡಿದೆ. ಈ ದುಆವನ್ನು ಅರ್ಥ ಇಟ್ಟುಕೊಂಡು ಓದತೊಡಗಿದ್ದು ಆಮೇಲೆಯೇ. ಹೊಲಿಗೆಯವರ ಸಂಪಾದನೆ ಗೊತ್ತಲ್ವಾ? ಮದುವೆ ಸೀಸನ್ನಿನಲ್ಲಿ ರಾತ್ರಿಯೂ ಮೆಷಿನ್ ನಿಲ್ಲುವುದಿಲ್ಲ. ಸೀಸನ್ ಮುಗಿದರೆ ಸೀರೆಗೆ ಫಾಲ್ಸ್ ಹಚ್ಚುವ ಕೆಲಸಕ್ಕೂ ಕಾಯಬೇಕು. ಅದಕ್ಕೆ ಒಂದೊಂದೇ ಸಾಲು ಹಿಡಿದು, ನನ್ನ ದಿನದಲ್ಲಿ ಇದು ಎಲ್ಲಿ ಬೇಕಾಗುತ್ತದೆ ಅಂತ ನೋಡುತ್ತಾ ಹೋದೆ.

ಮೊದಲ ಸಾಲು 'ಅಲ್ಲಾಹುಮ್ಮಹ್ದಿನೀ ಫೀಮನ್ ಹದೈತ್'. ನೀನು ದಾರಿ ತೋರಿಸಿದವರ ಜೊತೆ ನನಗೂ ದಾರಿ ತೋರಿಸು. ನನ್ನ ಕೆಲಸದಲ್ಲಿ ದಾರಿ ಅಂದರೆ ದೊಡ್ಡ ವಿಷಯವೇನಲ್ಲ. ಬ್ಲೌಸ್ ಕತ್ತರಿಸಿದ ಮೇಲೆ ಉಳಿದ ಬಟ್ಟೆ ಯಾರದ್ದು? ಕೊಟ್ಟವರದ್ದು. ಚೂರಾದರೂ ಅದೇ ಚೀಲಕ್ಕೆ ಹಾಕಿ ಕೊಡುತ್ತೇನೆ, ಬೇಡ ಅಂದರೆ ಮಾತ್ರ ಇಟ್ಟುಕೊಳ್ಳುತ್ತೇನೆ. ಇನ್ನೊಂದು 'ನಾಳೆ ಬನ್ನಿ' ಅನ್ನುವ ಮಾತು. ನಾಳೆ ಆಗಲ್ಲ ಅಂತ ಗೊತ್ತಿದ್ದರೆ ಶುಕ್ರವಾರ ಅಂತಲೇ ಹೇಳುತ್ತೇನೆ. ಕೆಲವರು ಬೇರೆ ಟೈಲರ್ ಹತ್ತಿರ ಹೋಗುತ್ತಾರೆ, ಹೋಗಲಿ. ಬೆಳಿಗ್ಗೆ ದಾರಿ ತೋರಿಸು ಅಂತ ಕೇಳಿ, ಹತ್ತು ಗಂಟೆಗೆ ಸುಳ್ಳು ಹೇಳುವುದು ಹೇಗೆ?

ಎರಡನೆಯದು ಆರೋಗ್ಯ, ನೆಮ್ಮದಿಗೆ. ಬಗ್ಗಿ ಕೂರುವ ನನ್ನ ಸೊಂಟಕ್ಕೆ ಅದು ದಿನಾ ಬೇಕು. ಮೂರನೆಯದು, ನನ್ನ ಹೊಣೆ ನೀನೇ ವಹಿಸಿಕೋ ಅನ್ನುವುದು.

ನಾನು ಹೆಚ್ಚು ನಿಲ್ಲುವುದು ನಾಲ್ಕನೆಯದರ ಹತ್ತಿರ. 'ವ ಬಾರಿಕ್ ಲೀ ಫೀಮಾ ಅಅ್‌ತೈತ್', ನೀನು ಕೊಟ್ಟಿದ್ದರಲ್ಲಿ ನನಗೆ ಬರ್ಕತ್ ಕೊಡು. ಇಲ್ಲಿ ಜಾಸ್ತಿ ಕೊಡು ಅಂತ ಕೇಳುತ್ತಿಲ್ಲ. ಕೈಗೆ ಬಂದಿದ್ದು ಕೈಗೆ ಹತ್ತಲಿ ಅಂತ ಕೇಳುವುದು. ಹಾಗಾಗಿ ಕೂಲಿ ಕೈಗೆ ಬಂದ ಕೂಡಲೇ ಇದೊಂದು ಸಾಲು ಹೇಳಿ ಡಬ್ಬಿಗೆ ಹಾಕುತ್ತೇನೆ. ಅದರಲ್ಲಿ ಸ್ವಲ್ಪ ಸದಕಾಕ್ಕೆ (ದಾನಕ್ಕೆ) ಬೇರೆ ಇಡುತ್ತೇನೆ. ಆದಾಯ ಏರಿತು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಏರಲಿಲ್ಲ. ಪಕ್ಕದ ಬೀದಿಯವಳಿಗೆ ಎಷ್ಟು ಆರ್ಡರ್ ಬಂತು ಅಂತ ವಿಚಾರಿಸುವ ಚಟ ಬಿಟ್ಟಿತು.

ಐದನೆಯದು ಕೆಡುಕಿನಿಂದ ಕಾಪಾಡು ಅನ್ನುವ ಸಾಲು. ಅಲ್ಲಿ ಅಂಗೈ ತಿರುಗಿಸಿ ಕೈಯ ಹಿಂಭಾಗ ಮೇಲೆ ಮಾಡುತ್ತೇವೆ. ಕುನೂತ್ ಮುಗಿದ ಮೇಲೆ ಮುಖ ಸವರುವುದಿಲ್ಲ, ನೇರ ಸುಜೂದಿಗೆ (ಹಣೆ ನೆಲಕ್ಕಿಡುವುದಕ್ಕೆ) ಹೋಗುತ್ತೇವೆ.

ದೊಡ್ಡ ತೀರ್ಮಾನಗಳಿಗೆ ಇಸ್ತಿಖಾರ ಬೇರೆಯೇ ಇದೆ. ಎರಡು ರಕಅತ್ ಸುನ್ನತ್ (ಕಡ್ಡಾಯವಲ್ಲದ) ನಮಾಝ್, ಆಮೇಲೆ ದುಆ. ಪ್ರವಾದಿಯವರ ಸಂಗಾತಿ ಜಾಬಿರ್ (ರ) ಹೇಳಿದ ಈ ಹದೀಸ್ ಬುಖಾರಿ ಗ್ರಂಥದಲ್ಲಿದೆ. ಇದು ನನಗೆ ಒಳ್ಳೆಯದಾದರೆ ಸುಲಭ ಮಾಡಿ ಬರ್ಕತ್ ಕೊಡು, ಕೆಟ್ಟದಾದರೆ ನನ್ನಿಂದ ದೂರ ಮಾಡು ಅಂತ ಕೇಳುವುದು. ಅಂಗಡಿ ಬಾಡಿಗೆಗೆ ತೆಗೆದುಕೊಳ್ಳಲೋ ಬೇಡವೋ ಅಂತ ಯೋಚಿಸುವಾಗ ನಾನು ಇದನ್ನು ಮಾಡಿದೆ. ಉತ್ತರವಾಗಿ ಕನಸು ಬಿತ್ತಾ ಅಂತ ಕೇಳಿದವರೇ ಜಾಸ್ತಿ. ಆ ಹದೀಸಿನಲ್ಲಿ ಕನಸಿನ ಮಾತೇ ಇಲ್ಲ. ಅಡ್ವಾನ್ಸು, ಬಾಡಿಗೆ, ಕರೆಂಟು ಲೆಕ್ಕ ಹಾಕಿದೆ, ತಿಳಿದವರನ್ನು ಕೇಳಿದೆ, ದುಆ ಮಾಡಿದೆ. ಅಂಗಡಿ ಬೇರೆಯವರ ಪಾಲಾಯಿತು. ಬೇಜಾರಾಗಲಿಲ್ಲ ಅನ್ನಲಾರೆ, ಆದರೆ ಅದನ್ನೇ ಕೊರಗುತ್ತಾ ಕೂರಲಿಲ್ಲ.

ಕೆಳಗಿನ ಮನೆಯವರು ಹನಫಿಗಳು, ಇನ್ನೊಂದು ಪಂಥದವರು. ಅವರು ಕುನೂತ್ ಓದುವುದು ವಿತ್ರ್‌ನಲ್ಲಿ, ರುಕೂಅ್‌ಗೆ ಮುಂಚೆ, ಅದೂ ಬೇರೆ ದುಆ. 'ನಿಮ್ಮದೂ ಬರೆದುಕೊಡಿ ಆಪಾ' ಅಂದರು, ಕೊಟ್ಟೆ. ತಿಂಗಳಲ್ಲಿ ನಮಾಝ್ ಇಲ್ಲದ ದಿನಗಳಲ್ಲೂ ದುಆಕ್ಕೆ ಅಡ್ಡಿಯಿಲ್ಲ. ಆಗ ಮೆಷಿನ್ನಿಗೆ ಎಣ್ಣೆ ಬಿಡುತ್ತಾ ಸುಮ್ನೆ ಹೇಳಿಕೊಳ್ಳುತ್ತೇನೆ.

ರಜೆಯ ದಿನ ಯಜಮಾನರು ಮನೆಯಲ್ಲಿ ಇಮಾಮ್ ಆಗುತ್ತಾರೆ. ಎಲ್ಲರ ಪರವಾಗಿ 'ಅಲ್ಲಾಹುಮ್ಮಹ್ದಿನಾ' (ನಮಗೆ ದಾರಿ ತೋರಿಸು) ಅಂತ ಜೋರಾಗಿ ಓದುತ್ತಾರೆ, ನಾವು ಆಮೀನ್ ಅನ್ನುತ್ತೇವೆ. 'ಫ ಇನ್ನಕ ತಕ್‌ದೀ' (ತೀರ್ಮಾನಿಸುವವನು ನೀನೇ) ಬಂದರೆ ಆಮೀನ್ ಇಲ್ಲ. ಅಲ್ಲಿಂದ ಅಲ್ಲಾಹನ ಸ್ತುತಿ, ನಾವೂ ಮೆಲ್ಲಗೆ ಓದಬೇಕು. ಮಗ ಮಾತ್ರ ಅಲ್ಲೂ ಆಮೀನ್ ಅನ್ನುತ್ತಲೇ ಇರುತ್ತಾನೆ.